ಗಿರಣಿ ಮಡಿವಾಳೆಪ್ಪನ ಮಗಳ ಬಲಭುಜ

ನಮ್ಮ ಶೀತಲಗ ಸೊಕ್ಕ ಬಂದಿತ್ತು, ಅದಕ್ಕ ಹುಬ್ಬಳ್ಯಾಗ ಆಟಾನ ಚ್ಯಾಷ್ಟಿ ಮಾಡಿ ಸೋತು ಬಂದ್ಳು ಅಂತ ಬೈಲಹೊಂಗಲದಾಗ ಯಾರರೆ ನಿಮಗ ಹೇಳಿದ್ರ, ಅವರನ್ನ ಸೀದಾ ಮನೋಳಿಗಿ ನನ್ನ ಕಡೆ ಕಳಸ್ರಿ. ಕುಂದ್ರಿಸಿ ಚಾ ಕುಡಿಸಿ ಆಮ್ಯಾಲ ಕಿವಿ ಹಿಂಡಿ ಹೇಳ್ತೇನಿ. ನಾ ಲಗಮವ್ವ. ಶೀತಲನ ಅಪ್ಪ ಮಡಿವಾಳೆಪ್ಪ ನನ್ನ ಬೆನ್ನಿಗಿ ಬಿದ್ದ ತಮ್ಮ, ಅಂದ್ರ ಆಕಿಗಿ ನಾ ಸ್ವಾದರತ್ತಿ. ನನ್ನ ಬಾಯಿ ದೊಡ್ಡದು ಅಂತ ಎಲ್ಲಾರೂ ಆಡ್ಕೋತಾರ. ಹೌದು, ದೊಡ್ಡದ ಐತಿ, ಯಾರಪ್ಪನ ಮನಿ ಗಂಟೇನ ಹೋತು? ಆಕಿ ಅವ್ವ ಕೃಷ್ಣವ್ವ ಇದನ್ನ ಕೇಳಿ ನನ್ನ ಸಂಗಟ ಮಾತ ಬಿಟ್ರ ಬಿಡ್ಲಿ. ಹದಿನೇಳ ವರ್ಷದ ಕೂಸಿನ ಹೆಸರು ಮಂದಿ ಬಾಯಾಗ ಹೊಲಸ ಆಗೂದನ್ನ ನೋಡ್ಕೋತ ಕುಂದ್ರೂದು ನನ್ನ ಕೈಲೆ ಆಗೂದಿಲ್ಲ.

ತಮ್ಮಂದು ಬೈಲಹೊಂಗಲದಾಗ ಹಿಟ್ಟಿನ ಗಿರಣಿ. ಗಿರಣಿ ಹಿತ್ತಲ ಗ್ವಾಡಿ ಆಚಿ ಕಡೆ ಆಫೀಸರ್ ಮಂದಿ ಕ್ಲಬ್ಬು, ಅದರಾಗ ಕೆಂಪ ಮಣ್ಣಿನ ಟೆನಿಸ್ ಕೋರ್ಟು. ಸಂಜಿ ಆತಂದ್ರ ಹೊಟ್ಟಿ ಬಂದ ಸಾಹೇಬ್ರು ಚಡ್ಡಿ ಹಾಕ್ಕೊಂಡು ಆಡಾಕ ಬರ್ತಿದ್ರು. ಅವರು ಹೊಡದ ಚೆಂಡು ನೆಟ್ ದಾಟೂದಕ್ಕಿಂತ ಗ್ವಾಡಿ ದಾಟಿ ಗಿರಣ್ಯಾಗ ಬೀಳೂದ ಜಾಸ್ತಿ. ಶೀತಲ ಆಗ ಸಣ್ಣಾಕಿ. ಮೈತುಂಬ ಹಿಟ್ಟ ಮೆತ್ಕೊಂಡು ಅಲ್ಲೇ ಆಡ್ತಿದ್ಳು. ಕೈಲೆ ಒಗದ್ರ ಚೆಂಡು ಗ್ವಾಡಿ ದಾಟ್ತಿದ್ದಿಲ್ಲ, ಅದಕ್ಕ ಹಿಟ್ಟಿನ ಡಬ್ಬಿ ಮುಚ್ಚಳ ತಗೊಂಡು ಬಾರಸ್ತಿದ್ಳು. ಮುಚ್ಚಳ ಎಲ್ಲಾ ಸೊಟ್ಟ ಆಗಿ, ಕೃಷ್ಣವ್ವನ ಕೈಲೆ ಬೆನ್ನಿಗಿ ಗುದ್ದ ತಿಂದದ್ದಕ್ಕ ಲೆಕ್ಕ ಇಲ್ಲ.

ಕ್ಲಬ್ಬಿನಾಗ ಸಾಹೇಬ್ರ ಮಕ್ಕಳಿಗಿ ಆಟ ಕಲಸಾಂವ ಯಮನಪ್ಪ ಮಾಸ್ತರ. ಮಿಲಿಟರಿ ನೌಕರಿ ಮುಗಿಸಿ ಬಂದಾಂವ, ಟೆನಿಸ್ ಅಲ್ಲೇ ಕಲತಾಂವ. ಅವ ಒಂದಿನ ಗ್ವಾಡಿ ಮ್ಯಾಲಿಂದ ಇಣಕಿ, ‘ಈ ಚೆಂಡ ಹೊಳ್ಳಿ ಹೊಡ್ಯಾವ್ರು ಯಾರು?’ ಅಂತ ಕೇಳಿದ. ತಮ್ಮ ಹೆದರಿ, ‘ತಪ್ಪಾತ್ರಿ ಮಾಸ್ತರ, ಇನ್ನೊಮ್ಮಿ ಹೊಡಿಯಾಕ ಬಿಡೂದಿಲ್ರಿ’ ಅಂದ. ಮಾಸ್ತರ ನಕ್ಕು, ‘ಹೊಡೀಲಿ ಅಂತನ ಕೇಳಿದ್ನಪಾ. ನಾಳಿಂದ ಈ ಕಡೆ ಕಳಸು’ ಅಂದ. ಅಲ್ಲಿಂದ ಆಕಿ ಆಟ ಚಾಲೂ ಆತು.

ಮುಂದ ಎಷ್ಟೋ ವರ್ಷ ಊರಿಗಿ ಅದು ಗೊತ್ತೂ ಇರಲಿಲ್ಲ. ಗೊತ್ತಿದ್ದವ್ರೂ ‘ಹೆಣ್ಣ ಹುಡಗಿಗಿ ಚಡ್ಡಿ ಹಾಕಿ ಏನ ಹಚ್ಯಾರಿವ್ರು’ ಅಂತ ಮೂಗ ಮುರದವ್ರ. ಆಮ್ಯಾಲ ಹ್ವಾದ ವರ್ಷ ಏನಾತೋ ಶಿವನ ಬಲ್ಲ. ಆಕಿ ರಾಜ್ಯಮಟ್ಟದ ಆಟದಾಗ ದೊಡ್ಡ ದೊಡ್ಡ ಊರಿನ ಹುಡಿಗ್ಯಾರನ್ನ ಒಬ್ಬೊಬ್ಬರನ್ನಾಗಿ ಸೋಲಿಸಿ ಕಪ್ ತಂದ್ಳು. ಅವರೆಲ್ಲಾ ತಿಂಗಳಾನಗಟ್ಲೆ ಹೊರದೇಶದ ಕೋಚ್ ಕಡೆ ಕಲತವ್ರು, ನಮ್ಮಾಕಿ ಹಿಟ್ಟಿನ ಗಿರಣಿ ಹಿಂದ ಕಲತಾಕಿ. ಆಕಿ ಸರ್ವಿಸ್ ಹೊಡ್ಯೂದನ್ನ ಯಾರೋ ಮೊಬೈಲಿನ್ಯಾಗ ಹಿಡದು ಬಿಟ್ರು ನೋಡ್ರಿ, ಇಡೀ ಜಿಲ್ಲಾ ತುಂಬ ಹರದ್ಯಾಡಿತು. ಸರ್ವಿಸ್ ಅಂದ್ರ ಏನಂತ ನನಗೂ ಆಗ ಗೊತ್ತಾತು. ಎಡಗೈಲೆ ಚೆಂಡ ಮ್ಯಾಲ ತೂರಿ, ಬಲಗೈ ತಲಿ ಮ್ಯಾಲ ಪೂರಾ ಎತ್ತಿ ಜಾಡಿಸಿ ಹೊಡಿಯೂದು. ಆಕಿ ಆಟದ ಜೀವ ಎಲ್ಲಾ ಅದರಾಗ ಇತ್ತು. ಆ ಕೈ ಮ್ಯಾಲ ಹ್ವಾದ್ರ ಎದುರಿನಾಕಿ ಎರಡ ಹೆಜ್ಜಿ ಹಿಂದ ಸರೀತಿದ್ಳು.

ಊರ ಎದ್ದ ನಿಂತಿತು. ಸನ್ಮಾನ ಅಂದ್ರ ಸನ್ಮಾನ. ಆ ಸಂಘದವ್ರು, ಈ ಸಂಘದವ್ರು, ಸಾಲಿಯವ್ರು, ಅಡತಿ ಅಂಗಡಿಯವ್ರು, ನಮ್ಮ ಮಂದಿ, ಆಚಿ ಓಣಿ ಮಂದಿ. ಬಂದ ಶಾಲು ಇಡಾಕ ಜಾಗ ಸಾಲದ ಕೃಷ್ಣವ್ವ ಗಿರಣಿ ಮೋಟಾರಿಗಿ ಒಂದ ಹೊಚ್ಚಿದ್ಳು. ಸಾಲಿ ಚೌಕಿನ್ಯಾಗ ಒಂದ ಫ್ಲೆಕ್ಸ್ ಹಚ್ಚಿದ್ರು. ಕುದರಿ ಮ್ಯಾಲ ಕಿತ್ತೂರ ರಾಣಿ, ಆದ್ರ ಮಾರಿ ನಮ್ಮ ಶೀತಲಂದು, ಕೈಯಾಗ ಕತ್ತಿ ಬದಲಿ ರಾಕೆಟ್. ಮ್ಯಾಲ ‘ಎರಡನೇ ಚೆನ್ನಮ್ಮ’ ಅಂತ ದೊಡ್ಡ ಅಕ್ಷರ. ಕೆಳಗ ಯುವಕ ಮಂಡಳದ ಅಧ್ಯಕ್ಷ ಬಸವಣ್ಣೆಪ್ಪನ ಫೋಟೋ. ಖರೇ ಹೇಳ್ತೇನಿ, ಕುದರಿಗಿಂತ ಅವನ ಮೀಸಿ ದೊಡ್ಡದಿತ್ತು.

ನನಗೂ ಎದಿ ಉಬ್ಬಿತ್ತು, ಸುಳ್ಳ ಯಾಕ ಹೇಳ್ಲಿ. ಮನೋಳಿ ಸಂತ್ಯಾಗ ಬದನಿಕಾಯಿ ತೂಗೋ ಹೊತ್ನ್ಯಾಗ ‘ನಮ್ಮ ಸ್ವಾದರಸೊಸಿ’ ಅಂತ ಕೇಳದವ್ರಿಗೂ ಹೇಳ್ತಿದ್ದೆ. ಆದ್ರ ಹುಡಗಿ ಮಾರಿ ದಿನಾ ಬಾಡ್ಕೋತ ಹೊಂಟಿತ್ತು. ಹಿಟ್ಟ ಬೀಸಾಕ ಬಂದವ್ರು ಒಬ್ಬರೂ ಸುಮ್ಮ ಹೋಗ್ತಿದ್ದಿಲ್ಲ. ‘ಮುಂದಿನ ಮ್ಯಾಚ್ ಯಾವಾಗೈತಿ? ಗೆಲ್ತೀಯಲ್ಲಾ ಮತ್ತ? ನಮ್ಮ ಊರ ಮಾನ ನಿನ್ನ ಕೈಯಾಗ ಐತಿ ನೋಡವಾ.’ ಒಬ್ಬಾಕಿ ಮುದಕಿ, ‘ನಾ ಸಾಯೂದ್ರಾಗ ನಿನ್ನ ಟಿವ್ಯಾಗ ನೋಡಬೇಕು’ ಅಂತ ಕೈ ಹಿಡದು ಅಳೂದು. ಒಮ್ಮಿ ಬೆಳಗಾವ್ಯಾಗ ಸೋತು ಬಂದ್ಳು. ಸಾವ ಆದ ಮನಿಗಿ ಬಂದಂಗ ಮಂದಿ ಬಂದು ಬಂದು ‘ಯಾಕ? ಏನಾತು?’ ಅಂತ ಕೇಳಿ ಹ್ವಾದ್ರು. ಯವ್ವಾ, ಆಟದಾಗ ಒಬ್ಬರು ಸೋಲಲೇಬೇಕಲ್ಲ, ಇಬ್ಬರೂ ಗೆದ್ದ ಆಟ ಯಾವದರೆ ಐತೇನು?

ಅವತ್ತಿಂದ ಹುಡಗಿ ಹುಚ್ಚ ಹಿಡದಂಗ ಹೊಡಿಯಾಕ ಹತ್ತಿದ್ಳು. ಮುಂಜಾನಿ ಕಾಲೇಜಿಗಿ ಹೋಗೂದಕ್ಕ ಮದಲ ಬುಟ್ಟಿ ತುಂಬ ಚೆಂಡು, ಸಂಜಿಗಿ ಮತ್ತ ಬುಟ್ಟಿ ತುಂಬ. ಮಾಸ್ತರ ‘ಸಾಕು’ ಅಂತ ಕೀಲಿ ಹಾಕಿದ್ರ ಗ್ವಾಡಿ ಹಾರಿ ಹೋಗಿ ಹೊಡೀತಿದ್ಳು. ಮ್ಯಾಚ್ ಇದ್ದ ದಿನ ಉಂಡದ್ದು ಹೊಟ್ಟ್ಯಾಗ ನಿಲ್ತಿದ್ದಿಲ್ಲ. ಒಮ್ಮಿ ಎರಡ ದಿನ ನಮ್ಮ ಮನಿಗಿ ಬಂದಿದ್ಳು. ಮಲಪ್ರಭಾ ದಂಡಿಗಿ ಅರಬಿ ಒಗಿಯಾಕ ಕರಕೊಂಡ ಹೋದೆ. ನೀರಾಗ ಕಾಲ ಬಿಟ್ಕೊಂಡ ಕುಂತಾಕಿ, ‘ಅತ್ತಿ, ನಾ ಮತ್ತ ಸೋತ್ರ ಎಲ್ಲಿಗಿ ಹೋಗ್ಲಿ?’ ಅಂದ್ಳು.

‘ಇಲ್ಲಿಗಿ ಬಾ, ನಮ್ಮ ಮನಿ ಇಲ್ಲೇನು?’ ಅಂದೆ.

‘ಇಲ್ಲಿ ಬರೂ ಬಸ್ಸಿನ ಕಂಡಕ್ಟರನೂ ಕೇಳ್ತಾನತ್ತಿ, ಮುಂದಿನ ಮ್ಯಾಚ್ ಯಾವಾಗ ಅಂತ.’ ಕೈಯಾಗಿನ ಸೀರಿ ಕಲ್ಲಿಗಿ ಬಡದೆ ಬಡದೆ, ಅಂಚ ಹರೀತು.

ದಸರಾಕ್ಕ ಮುಂಚೆ ಆಕಿ ಬಲಭುಜ ಹಿಡೀತು. ಮದಲ ಎಣ್ಣಿ ತಿಕ್ಕಿದ್ರು, ಬಿಸಿ ಉಪ್ಪಿನ ಗಂಟ ಕಾಸಿ ಇಟ್ರು. ಇಳೀಲಿಲ್ಲ. ಯಮನಪ್ಪ ಮಾಸ್ತರ ಹಟ ಹಿಡದು ಬೆಳಗಾವಿಗಿ ಎಲುವಿನ ಡಾಕ್ಟರ ಕಡೆ ಕಳಿಸಿದ. ಗಾಡಿ ನನ್ನ ಮಗ ಬಾಳೇಶಂದು, ಅದಕ್ಕ ನಾನೂ ಹೋಗಿದ್ದೆ. ಡಾಕ್ಟರು ಒಳಗಿನ ಫೋಟೋ ತಗಿಸಿ ನೋಡಿ, ಭುಜದಾಗಿನ ಸ್ನಾಯು ಅರ್ಧ ಹರದೈತಿ ಅಂದ್ರು. ‘ಮೂರ ತಿಂಗಳ ಈ ಕೈ ಭುಜಕ್ಕಿಂತ ಮ್ಯಾಲ ಎತ್ತಬ್ಯಾಡ್ರಿ. ವಜ್ಜಾ ಅಂತೂ ಹಿಡೀಲೇಬ್ಯಾಡ್ರಿ. ಹಂಗಿದ್ರ ತಾನ ಕೂಡ್ತೈತಿ, ಮತ್ತ ಆಡ್ಬಹುದು. ಮಾತ ಕೇಳಲಿಲ್ಲಂದ್ರ ಪೂರಾ ಹರೀತೈತಿ, ಆಮ್ಯಾಲ ನನ್ನ ಕೇಳಬ್ಯಾಡ್ರಿ.’ ಹುಡಗಿಗಿ ಆವಾಗ ಅಳು ಬರೂದು ಬಿಟ್ಟು ನಗಿ ಬಂತು ನೋಡ್ರಿ. ‘ಮೂರ ತಿಂಗಳ ಆಡೂದಿಲ್ಲತ್ತಿ’ ಅಂತ ನನ್ನ ತೊಡಿ ಮ್ಯಾಲ ತಲಿ ಇಟ್ಟು ಗಾಡ್ಯಾಗ ಮಲಗಿದ್ಳು. ಎಷ್ಟ ದಿನದ್ದೋ ನಿದ್ದಿ.

ಎಂ.ಕೆ. ಹುಬ್ಬಳ್ಳಿ ದಾಟೂದ್ರಾಗ ಕೃಷ್ಣವ್ವ ಮುಂದಿನ ಸೀಟಿನಿಂದ ಹೊಳ್ಳಿ, ‘ಅಕ್ಕಾರ, ಈ ಮಾತ ಗಾಡಿ ಬಿಟ್ಟ ಹೊರಗ ಹೋಗಬಾರದ್ರಿ’ ಅಂದ್ಳು.

‘ಯಾಕ? ಕೈ ನೋವಾಗೈತಿ, ಆಡೂದಿಲ್ಲ ಅಂದ್ರ ಮುಗೀತು.’

‘ಹೆಣ್ಣ ಹುಡಗಿ ಅದಾಳ್ರಿ. ಬಲಗೈ ಊನ ಆಗೈತಿ ಅಂತ ಒಬ್ಬರ ಬಾಯಿಗಿ ಬಿದ್ರ ಸಾಕು, ನಾಳೆ ಯಾರ ಮಾಡ್ಕೋತಾರ್ರಿ? ರೊಟ್ಟಿ ಬಡಿಯಾಕ ಬರೂದಿಲ್ಲ, ಕೊಡ ಎತ್ತಾಕ ಬರೂದಿಲ್ಲ ಅಂತಾರ.’

‘ಹದಿನೇಳರ ಹುಡಗಿಗಿ ಈಗ ಎಲ್ಲಿ ಲಗ್ನ ತಗದೀಯ, ಹುಚ್ಚಖೋಡಿ?’ ಅಂತ ಬೈದೆ.

‘ಲಗ್ನ ಈಗಲ್ರಿ. ಮಾತ ಇರ್ತೈತಲ್ರಿ? ನಮ್ಮ ಬಾಯವ್ವನ ನೋಡ್ರಿ.’ ಅಷ್ಟಂದು ಆಕಿ ಸೆರಗ ಬಾಯಿಗಿಟ್ಕೊಂಡ್ಳು.

ಬಾಯವ್ವ ಕೃಷ್ಣವ್ವನ ಅಕ್ಕ. ಹರೇದಾಗ ಸಾಲಹಳ್ಳ್ಯಾಗ ಒಂದ ಲಗ್ನದ ಚಪ್ಪರದಾಗ ಉಪವಾಸ ಇದ್ದದ್ದಕ್ಕ ಕಣ್ಣಿಗಿ ಕತ್ತಲಿ ಬಂದ ಬಿದ್ದಿದ್ಳಂತ. ಯಾರೋ ಒಬ್ಬ ನಾಲಗಿಗಿ ಎಲುವ ಇಲ್ಲದಾಂವ ‘ಮೂರ್ಛಿ ರೋಗ’ ಅಂದ. ಹಂಗಂದದ್ದು ಸುಳ್ಳ ಅಂತ ಎಲ್ಲಾರಿಗೂ ಗೊತ್ತು, ಆದ್ರೂ ಒಂದ ವರ ಹೊಸ್ತಿಲಾ ತುಳೀಲಿಲ್ಲ. ಈಗ ತಲಿ ಬೆಳ್ಳಗಾಗೇತಿ, ತನ್ನ ತಮ್ಮನ ಮನ್ಯಾಗ ಕಸಾ ಹೊಡಕೋತ ಅದಾಳ. ಅದಕ್ಕ ಕೃಷ್ಣವ್ವನ ಮ್ಯಾಲ ನನಗ ಪೂರಾ ಸಿಟ್ಟ ಮಾಡಾಕೂ ಆಗೂದಿಲ್ಲ. ಆಕಿ ಕಂಡ ನರಕಾನ ಆಕಿ ಮುಂದ ಬಂದ ನಿಲ್ತೈತಿ. ತಮ್ಮ ಮಡಿವಾಳೆಪ್ಪ ಅಂದ್ರ ಹೆಂಡ್ತಿ ಮಾತಿಗಿ ಹ್ಞೂಂ ಅನ್ನೂದ ಬಿಟ್ರ ಬ್ಯಾರೆ ಕಲತಿಲ್ಲ. ಹಿಂಗಾಗಿ ಊರಿಗಿ ಹೇಳಿದ್ದು, ಹುಡಗಿಗಿ ಪಿಯುಸಿ ಪರೀಕ್ಷಾ ಐತಿ, ಓದಾಕ ಕುಂತಾಳ, ಮದಲ ಹೆಸರ ಕೊಟ್ಟಿದ್ದ ಹುಬ್ಬಳ್ಳಿ ಟೂರ್ನಮೆಂಟಿಗಿ ಹೋಗೂದಿಲ್ಲ ಅಂತ. ಮಾಸ್ತರಗೂ ಆಣಿ ಹಾಕಿ ಬಾಯಿ ಕಟ್ಟಿದ್ರು. ಅಂವ ‘ಇದು ಛಲೋ ಅಲ್ಲ ಮಡಿವಾಳೆಪ್ಪ’ ಅಂತ ಅಂದು ಎದ್ದ ಹ್ವಾದ.

ಕಿತ್ತೂರ ಉತ್ಸವ ಬಂತು. ಬಸವಣ್ಣೆಪ್ಪ ತನ್ನ ಮಂಡಳದ ಹುಡುಗರನ್ನ ಕಟಗೊಂಡು ಗಿರಣಿಗಿ ಬಂದ. ಬೈಲಹೊಂಗಲದಾಗ ಚೆನ್ನಮ್ಮನ ಸಮಾಧಿಗಿ ಕೈ ಮುಗದು, ಅಲ್ಲಿಂದ ಕಿತ್ತೂರ ತನಕ ಮೆರವಣಿಗಿ ಅಂತ, ತೆರದ ಜೀಪಿನ್ಯಾಗ ಶೀತಲ ರಾಣಿ ವೇಷ ಹಾಕಿ ನಿಲ್ಲಬೇಕಂತ. ಮದಲ ಕುದರಿ ಅಂದ್ರು. ಕುದರಿ ಬ್ಯಾಡ ಅಂದಿದ್ದಕ್ಕ ಜೀಪಿಗಿ ಇಳದ್ರು. ತಮ್ಮ ಏನ ನೆವಾ ಹೇಳ್ಬೇಕು? ‘ಅಭ್ಯಾಸ ಐತ್ರಿ’ ಅಂತ ತೊದಲಿದ. ‘ಅಲ್ಲೋ ಮಾರಾಯಾ, ಒಂದ ದಿನ ಪುಸ್ತಕ ತಗೀಲಿಲ್ಲಂದ್ರ ಫೇಲ್ ಆಗ್ತಾಳೇನು? ಊರ ಇಷ್ಟ ಮಾಡೇತಿ, ಊರಿಗಿ ಇಷ್ಟ ಮಾಡಂಗಿಲ್ಲಾ?’ ಅಂದ ಬಸವಣ್ಣೆಪ್ಪ. ಅಂವ ಕೆಟ್ಟ ಮನಶ್ಯಾ ಅಲ್ಲ. ಹೇಳಿದ್ರ ಹುಡಗಿನ್ನ ಎತಗೊಂಡು ದವಾಖಾನಿಗಿ ಓಡಾವ್ನ. ಆದ್ರ ಹೇಳಾವ್ರು ಯಾರು? ಕೃಷ್ಣವ್ವ ಒಳಗಿಂದನ, ‘ಬರೇ ನಿಂತ್ರ ಆತಲ್ರಿ? ಬರ್ತಾಳ ತಗೋರಿ’ ಅಂದ ಬಿಟ್ಳು.

ಅವತ್ತ ಹುಡಗಿ ಹಸಿರ ಇಲಕಲ್ಲ ಸೀರಿ ಕಚ್ಚಿ ಹಾಕಿ ಉಟ್ಟು, ತಲಿಗಿ ಕಿರೀಟ ಇಟ್ಕೊಂಡು ನಿಂತ್ರ, ಏನ ಹೇಳ್ಲಿ, ನನ್ನ ದೃಷ್ಟೀನ ತಾಗೀತು ಅನ್ನೂವಂಗ ಇದ್ಳು. ಆದ್ರ ಕೈಯಾಗ ಕೊಟ್ಟ ಕತ್ತಿ ಕಟಗೀದಲ್ಲ. ಕಂಬಾರನ ಕಡೆ ಮಾಡಿಸಿದ ಖರೇ ಕಬ್ಬಣದ್ದು. ನಾ ಮುಟ್ಟಿ ನೋಡಿ, ‘ಏ ಬಸವಣ್ಣೆಪ್ಪ, ನಾಟಕದ ಕತ್ತಿ ಸಿಗಲಿಲ್ಲೇನೋ?’ ಅಂದೆ. ‘ನಮ್ಮ ರಾಣಿಗಿ ನಾಟಕದ ಕತ್ತಿ ಕೊಡ್ಲೇನ ಅತ್ತಿ?’ ಅಂತ ಅಂವ ಎದಿ ಮ್ಯಾಲ ಕೈ ಇಟ್ಕೊಂಡು ಅಂದ. ಹುಡುಗ್ರು ಶಿಳ್ಳಿ ಹೊಡದ್ರು.

ಊರ ದಾಟೂ ತನಕ ಆಕಿ ಕತ್ತಿ ತುದಿ ಜೀಪಿನ ತಳಕ್ಕ ಊರಿ ನಿಂತಿದ್ಳು. ಹಲಗಿ ಬಡಿತ ಜೋರಾತು, ಭಂಡಾರ ತೂರಿದ್ರು, ಮಂದಿ ನೆರೀತು. ಆವಾಗ ಯಾವನೋ ಒಬ್ಬ ಕೂಗಿದ. ‘ಕತ್ತಿ ಎತ್ತವಾ! ಫೋಟೋ ತಗೋತೇವಿ, ಕತ್ತಿ ಎತ್ತು!’ ಶೀತಲ ಎಡಗೈಲೆ ಎತ್ತಿದ್ಳು. ಜಾಣಿ ನನ್ನ ಹುಡಗಿ. ಬಾಳೇಶನ ಗಾಡ್ಯಾಗ ಹಿಂದ ಬರಾಕತ್ತಿದ್ದ ನನಗ ಅದನ್ನ ನೋಡಿ ಹೋದ ಜೀವ ಹೊಳ್ಳಿ ಬಂತು. ಅಷ್ಟರಾಗ ಒಬ್ಬ ಹಿರಿಯಾ ಜೀಪಿನ ಮುಂದ ಬಂದು, ‘ಎಡಗೈಲೆ ಕತ್ತಿ ಹಿಡೀತಾರೇನ ಯವ್ವಾ? ಅಪಶಕುನ! ರಾಣಿಗಿ ಅವಮಾನ! ಬಲಗೈಲೆ ಹಿಡಿ’ ಅಂದ. ಎಲ್ಲಾರೂ ಹೌದೌದು ಅಂದ್ರು. ಎಡಗೈಲೆ ಪ್ರಸಾದ ಸುದ್ದೆ ಇಸಕೊಳ್ಳದ ಮಂದಿ ನಾವು, ಎಡಗೈಲೆ ಚೆನ್ನಮ್ಮನ ಕತ್ತಿ ನೋಡಿ ಬಿಡ್ತಾರೇನು? ಹುಡಗಿ ಕತ್ತಿ ಕೈ ಬದಲಿ ಮಾಡಿದ್ಳು.

ಅಲ್ಲಿಂದ ಊರಿಗೊಂದ ಕಮಾನು, ಊರಿಗೊಂದ ಹಾರ, ಊರಿಗೊಂದ ‘ಕತ್ತಿ ಎತ್ತವಾ’. ಇಳಿಸಿದ್ರ ಸಾಕು ಹಿಂದಿಂದ ಇನ್ನೊಬ್ಬ ಬರ್ತಿದ್ದ, ‘ನಮ್ಮ ಕಡೆ ನೋಡಲಿಲ್ಲ, ಒಮ್ಮಿ ಎತ್ತು’ ಅಂತ. ಆಕಿ ಹಲ್ಲ ಕಚ್ಚಿ ಎತ್ತೂದು ನನಗ ಹಿಂದಿಂದನೂ ತಿಳೀತಿತ್ತು, ಕುತಗಿ ನರ ಬಿಗೀತಿದ್ವು. ಮುಂದಿನ ಊರಾಗ ಗಾಡಿ ನಿಂತದ್ದ ತಡ, ನಾ ಇಳದು ಮಂದಿ ನೂಕಿ ಜೀಪಿನ ಬಾನಟ್ ಮ್ಯಾಲ ಹತ್ತಿದೆ. ಈ ವಯಸ್ಸಿನ್ಯಾಗ. ಹಲಗಿ ಬಾರಸಾವ್ರು ಬೆರಗಾಗಿ ನಿಲ್ಸಿದ್ರು.

‘ಹುಡಗಿ ಭುಜ ಹರದೈತ್ರೋ!’ ಅಂತ ಚೀರಿದೆ. ‘ಬೆಳಗಾವಿ ಡಾಕ್ಟರು ಕೈ ಎತ್ತಬ್ಯಾಡ ಅಂದಾರ! ಕತ್ತಿ ಇಸಕೊಳ್ರಿ, ನಿಮ್ಮ ಕಾಲಿಗಿ ಬೀಳ್ತೇನಿ!’

ಬಸವಣ್ಣೆಪ್ಪನ ಮಾರಿ ಬೆಳ್ಳಗಾತು. ‘ಹೌದೇನವಾ ಶೀತಲ? ಖರೇ ಹೇಳವಾ, ಈಗಿಂದೀಗ ನಿಲ್ಲಸ್ತೇನಿ’ ಅಂತ ಕೇಳಿದ. ಅಷ್ಟ ಸಾಕಿತ್ತು. ಹೌದ್ರಿ ಅಂತ ಒಂದ ಮಾತ ಅಂದಿದ್ರ ಮುಗೀತಿತ್ತು. ಹುಡಗಿ ಬಾಯಿ ತಗೀತು, ಆದ್ರ ಕಣ್ಣು ಅವ್ವನ ಕಡೆ ಹೋತು. ಕೃಷ್ಣವ್ವ ಜೀಪಿನ ಹಿಂದಿನ ಸೀಟಿನ್ಯಾಗ ಎರಡೂ ಕೈ ಜೋಡಿಸಿ ಎದಿಗಿ ಒತ್ತಿ ಹಿಡದು ಕುಂತಿದ್ಳು, ದೇವರಿಗಿ ಕುಂತಂಗ.

‘ಇಲ್ರಿ’ ಅಂದ್ಳು ಶೀತಲ. ‘ನನಗ ಏನೂ ಆಗಿಲ್ರಿ. ಅತ್ತಿಗಿ ಯಾರೋ ಏನೋ ಹೇಳ್ಯಾರ.’ ಹಂಗಂದು ಆ ಕಬ್ಬಣದ ಕತ್ತಿ ಪೂರಾ ಮ್ಯಾಲ ಎತ್ತಿ ನಿಂತ್ಳು. ಅಲ್ಲಾಡಲಿಲ್ಲ. ಮಂದಿ ಹೋ ಅಂತು. ಹಲಗಿ ಮತ್ತ ಚಾಲೂ ಆತು.

ನನ್ನ ಕೆಳಗಿಳಿಸಿದ್ರು. ಕೃಷ್ಣವ್ವ ಬಂದು ಎಲ್ಲಾರೂ ಕೇಳೂವಂಗ, ‘ನಿನ್ನ ಮಗಗ ತಗೋಬೇಕಂತ ನನ್ನ ಮಗಳಿಗಿ ಊನ ಹಚ್ತಿಯೇನ ಅಕ್ಕಾ? ಬ್ಯಾರೆ ಯಾರೂ ಕೇಳದಂಗ ಆದ್ರ ನಿನಗ ಸಸ್ತಾ ಸಿಗ್ತಾಳಂತನಾ?’ ಅಂದ್ಳು. ಯಾವತ್ತೂ ‘ರೀ’ ಬಿಟ್ಟ ಮಾತಾಡದಾಕಿ. ಅತ್ತಿ ಮಗಗ ಕೊಡೂ ಪದ್ಧತಿ ನಮ್ಮಲ್ಲಿ ಐತಲ್ಲ, ಮಂದಿಗಿ ಅದ ಖರೇ ಅನಿಸ್ತು. ‘ಓಹೋ, ಹಿಂಗೈತಿ ಅನ್ರಿ ವಿಷಯ’ ಅಂತ ನಕ್ಕರು. ಸ್ಟೇರಿಂಗ್ ಹಿಡದ ಕುಂತ ನನ್ನ ಬಾಳೇಶ ತಲಿ ಎತ್ತಲಿಲ್ಲ. ಅವಂಗ ಸವದತ್ತ್ಯಾಗ ಹುಡಗಿ ಗೊತ್ತಾಗಿ ವರ್ಷ ಆಗಿತ್ತು, ಅದು ಕೃಷ್ಣವ್ವಗೂ ಗೊತ್ತಿತ್ತು.

ಕಿತ್ತೂರಾಗ ಸ್ಟೇಜ್ ಮ್ಯಾಲ ಬಸವಣ್ಣೆಪ್ಪ ಮೈಕ್ ಹಿಡದು, ‘ಶೀತಲ ಹುಬ್ಬಳ್ಳಿಗಿ ಹೋಗೂದಿಲ್ಲ ಅಂದಿದ್ಳು. ಇವತ್ತ ನಾವೆಲ್ಲಾ ಕೇಳ್ಕೊಳ್ಳೂಣು, ಹೋಗ ಅಂತ!’ ಅಂದ. ಸಾವಿರಾರ ಮಂದಿ ‘ಹೋಗವಾ’ ಅಂತ ಒದರಿತು. ಹುಡಗಿ ಹ್ಞೂಂ ಅಂತ ತಲಿ ಹಾಕಿದ್ಳು. ಅಷ್ಟ ಮಂದಿ ಮುಂದ ಹಾದಿ ತುಂಬ ಕತ್ತಿ ಎತ್ತಿದಾಕಿ, ರಾಕೆಟ್ ಎತ್ತಾಕ ಆಗೂದಿಲ್ಲ ಅಂತ ಯಾವ ಬಾಯಿಲೆ ಹೇಳ್ತಾಳ?

ಹುಬ್ಬಳ್ಳಿ ಆಟಕ್ಕ ಊರಿಂದ ಬಸ್ ಮಾಡ್ಕೊಂಡ ಹೋದ್ರು. ನನ್ನ ಯಾರೂ ಕರೀಲಿಲ್ಲ, ಆದ್ರೂ ಹೋದೆ. ಯಮನಪ್ಪ ಮಾಸ್ತರ ಬೇಲಿ ಕಡೆ ಹುಡಗಿನ್ನ ನಿಲ್ಲಿಸಿ ಹೇಳೂದು ನಾನ ಕೇಳೇನಿ. ‘ಎರಡ ಚೆಂಡ ಹೊಡದು, ಕೈ ನೋವು ಅಂತ ಅಂಪೈರಗ ಹೇಳು. ಆಟ ಬಿಟ್ಟ ಬಾ. ಯಾರೂ ಏನೂ ಅನ್ನೂದಿಲ್ಲ.’ ಹುಡಗಿ, ‘ಕಾರಣ ಮೈಕಿನ್ಯಾಗ ಹೇಳ್ತಾರೇನ್ರಿ ಸರ್?’ ಅಂತ ಕೇಳಿದ್ಳು. ಮಾಸ್ತರ ಹೌದು ಅಂದ. ಆಕಿ ರಾಕೆಟ್ ತಗೊಂಡು ಒಳಗ ಹ್ವಾದ್ಳು.

ಎದುರಿಗಿ ಪುಣೆ ಕಡೆ ಹುಡಗಿ. ಮದಲ ಸರ್ವಿಸ್ ನಮ್ಮಾಕಿದು. ಎಡಗೈಲೆ ಚೆಂಡ ತೂರಿದ್ಳು. ಬಲಗೈ ಮ್ಯಾಲ ಹೋಗಲಿಲ್ಲ. ಭುಜದ ತನಕ ಬಂದು ಅಲ್ಲೇ ನಿಂತಿತು. ಚೆಂಡ ಬಂದು ಆಕಿ ಕಾಲ ಹತ್ರ ಬಿತ್ತು. ಮತ್ತೊಮ್ಮಿ ತೂರಿದ್ಳು, ಹಂಗ ಆತು. ನಮ್ಮೂರ ಮಂದಿ ‘ಹೊಡಿಯವಾ ಚೆನ್ನಮ್ಮಾ!’ ಅಂತ ಚಪ್ಪಾಳಿ ಹೊಡದ್ರು. ಆಮ್ಯಾಲ ಆಕಿ ಕೈ ಕೆಳಗ ಇಳಿಬಿಟ್ಟು, ಸಣ್ಣ ಮಕ್ಕಳು ಅಂಗಳದಾಗ ಆಡ್ತಾವಲ್ಲ, ಹಂಗ ಕೆಳಗಿಂದ ಚೆಂಡ ದೂಕಿದ್ಳು. ಆಟದಾಗ ಹಂಗೂ ಹೊಡಿಯಾಕ ಬರ್ತೈತಂತ, ಮಾಸ್ತರ ಹೇಳಿದ. ಪುಣೆ ಹುಡಗಿ ಅದನ್ನ ಒಂದ ಏಟಿಗಿ ಕೊಂದ್ಳು. ಮತ್ತ ಕೆಳಗಿಂದ. ಮತ್ತ ಕೊಂದ್ಳು.

ಮಂದಿಗಿ ಮದಲ ತಿಳೀಲಿಲ್ಲ. ಆಮ್ಯಾಲ ಗುಜುಗುಜು ಆತು. ‘ಏನ ಚ್ಯಾಷ್ಟಿ ಹಚ್ಯಾಳಿಕಿ?’ ‘ನಾವು ಒತ್ತಾಯ ಮಾಡಿ ಕಳಿಸಿದ್ದಕ್ಕ ಹಿಂಗ ತೋರಸಾಕತ್ತಾಳೇನು?’ ಒಬ್ಬ ಸಿಟ್ಟಿಲೆ ಎದ್ದ ಹೊಂಟ. ಬಸವಣ್ಣೆಪ್ಪ ತಲಿ ಮ್ಯಾಲ ಟವೆಲ್ ಹಾಕ್ಕೊಂಡ ಕುಂತ. ಅಂಪೈರು ಕುರ್ಚಿ ಇಳದು ಬಂದು, ಡಾಕ್ಟರನ್ನ ಕರಸ್ಲೇನು ಅಂತ ಕೇಳಿದ. ಶೀತಲ ತಲಿ ಅಲ್ಲಾಡಿಸಿದ್ಳು. ಮಾಸ್ತರ ಬೇಲಿ ಹಿಡದು ‘ಬಿಡ ಮಗಳ, ಬಿಟ್ಟ ಬಾ’ ಅಂತ ಅಳಾಕತ್ತಿದ್ದ, ಮಿಲಿಟರಿ ಮನಶ್ಯಾ. ಆಕಿ ಬಿಡಲಿಲ್ಲ. ಒಂದೊಂದ ಚೆಂಡನ್ನೂ ಹಂಗ ಕೆಳಗಿಂದ ದೂಕಿ ದೂಕಿ, ಒಂದೂ ಗೇಮ್ ಗೆಲ್ಲದ, ಕೊನೀ ಚೆಂಡಿನ ತನಕ ನಿಂತು ಸೋತ್ಳು. ಕೈ ಮುರಕೊಂಡ ಹುಡಗಿ ಅನ್ನಿಸ್ಕೊಳ್ಳೂದಕ್ಕಿಂತ ಸೊಕ್ಕಿನ ಹುಡಗಿ ಅನ್ನಿಸ್ಕೊಳ್ಳೂದ ಛಲೋ ಅಂತ ಆ ಕೂಸು ಅಲ್ಲೇ ನಿಂತು ಠರಾಯಿಸಿತ್ತು.

ಆಟ ಮುಗದ ಮ್ಯಾಲ ಪುಣೆ ಹುಡಗಿ ನೆಟ್ ಹತ್ರ ಬಂದ್ಳು. ಬಲಗೈ ಮುಂದ ಮಾಡಿದಾಕಿ ಅದನ್ನ ಹಿಂದ ತಗೊಂಡು, ಎಡಗೈ ಕೊಟ್ಳು. ಹಿಂದ್ಯಾಗ ಏನೋ ಹೇಳಿ ನಮ್ಮ ಶೀತಲನ ತಲಿ ಸವರಿದ್ಳು. ನಮ್ಮ ಭಾಷಿ ಬಾರದಾಕಿಗಿ ತಿಳೀತು. ಬಸ್ ಮಾಡ್ಕೊಂಡ ಬಂದ ನಮ್ಮೂರ ಮಂದ್ಯಾಗ ಒಬ್ಬಗೂ ತಿಳೀಲಿಲ್ಲ.

ಮರುದಿನ ಬೆಳಗಾವಿ. ಅವತ್ತ ಕೃಷ್ಣವ್ವ ತಾನ ಬಾಳೇಶಗ ಫೋನ್ ಹಚ್ಚಿದ್ಳು, ಬ್ಯಾರೆ ಗಾಡಿ ಹೇಳಿದ್ರ ಸುದ್ದಿ ಹೊರಗ ಹೋಗ್ತೈತಂತ. ಮಾನಾ ಮರ್ಯಾದಿ ಬಿಟ್ಟು ನಾನೂ ಹತ್ತಿದೆ. ಡಾಕ್ಟರು ಫೋಟೋ ನೋಡಿ ನಮ್ಮ ಮಾರಿ ನೋಡಿದ್ರು. ‘ಪೂರಾ ಹರದೈತಿ. ಆಪರೇಶನ್ ಮಾಡ್ತೇನಿ. ಉಣ್ಣಾಕ, ಬರಿಯಾಕ, ಮನಿ ಕೆಲಸಕ್ಕ ಕೈ ಬರ್ತೈತಿ. ಈ ಆಟ ಇನ್ನ ಆಗೂದಿಲ್ಲ’ ಅಂದ್ರು. ತಮ್ಮ ಅಲ್ಲೇ ಕುರ್ಚಿ ಹಿಡದ ಕುಸದ. ಶೀತಲ ಒಂದ ಮಾತ ಕೇಳಿದ್ಳು. ‘ಎಷ್ಟ ವರ್ಷ ಬಿಟ್ರೂ ಆಗೂದಿಲ್ರಿ?’ ಡಾಕ್ಟರು ಇಲ್ಲ ಅಂದ್ರು. ಆಕಿ ಆಯ್ತ್ರಿ ಅಂದ್ಳು. ಅಷ್ಟ.

ಹೊಳ್ಳಿ ಬರೂ ಹಾದ್ಯಾಗ ಒಂದ ಖಾನಾವಳಿ ಮುಂದ ಗಾಡಿ ನಿಲ್ಲಿಸಿ ಊಟಕ್ಕ ಕುಂತ್ವಿ. ಹುಡಗಿ ಬಲಗೈ ತಾಟಿನಿಂದ ಬಾಯಿ ತನಕ ಬರಲಿಲ್ಲ. ಎಡಗೈ ಮುಂದ ಮಾಡಿದ್ಳು. ಕೃಷ್ಣವ್ವ ಅದನ್ನ ಹಿಡದು ಕೆಳಗಿಟ್ಟು, ಅತ್ತಾಗ ಇತ್ತಾಗ ನೋಡಿ, ಸೆರಗ ಅಡ್ಡ ಹಿಡದು, ರೊಟ್ಟಿ ಮುರದು ಪಲ್ಯಾ ಹಚ್ಚಿ ಬಾಯಿಗಿ ಇಟ್ಳು. ಆಕಿ ಕಣ್ಣಾಗ ನೀರ ಸುರಿಯಾಕತ್ತಿತ್ತು. ಮಗಳ ಗಲ್ಲಾ ಸವರಿ, ಸಣ್ಣ ದನೀಲೆ, ‘ಹ್ವಾದ್ರ ಹೋತು ಬಿಡವಾ ಆಟ. ದೇವರ ದೊಡ್ಡಾಂವ. ಯಾರಿಗೂ ಗೊತ್ತಾಗಲಿಲ್ಲ’ ಅಂದ್ಳು.

ಶೀತಲ ‘ಹ್ಞೂಂ ಅವ್ವಾ’ ಅಂದು ಇನ್ನೊಂದ ತುತ್ತಿಗಿ ಬಾಯಿ ತಗದ್ಳು. ನಾ ತಾಟ ಬಿಟ್ಟ ಎದ್ದು ಹೊರಗ ಬಂದೆ. ರಸ್ತಾದ ಮ್ಯಾಲ ಹೋಗಾವ್ರು ಬರಾವ್ರು ನಿಂತ ನೋಡೂ ಹಂಗ ಎದಿ ಬಡಕೊಂಡು ಅತ್ತೆ.